ಕೋಡ್ 05 ಓದಿದ್ದೀರಾ?

ತಲೆಗೆ ಪೆಟ್ಟಾದರೆ ಆಪರೇಷನ್, ಐಸಿಯು ಖರ್ಚನ್ನ ಆರೋಗ್ಯ ವಿಮೆ ಕೊಡುತ್ತೆ. ಅಸಲಿ ಕಷ್ಟ ಡಿಸ್ಚಾರ್ಜ್ ಆದಮೇಲೆ. ಮಾತು, ನಡಿಗೆ, ಕೊನೆಗೆ ತುತ್ತು ನುಂಗೋದನ್ನೂ ಮತ್ತೆ ಕಲೀಬೇಕು, ತಿಂಗಳುಗಟ್ಟಲೆ. ಪಾಲಿಸಿಯಲ್ಲಿ ‘ಇವಕ್ಕೆ ಹಣ ಇಲ್ಲ’ ಅನ್ನೋ ಪಟ್ಟಿ ತೆಗೀರಿ. ಕೋಡ್ 05: ವಿಶ್ರಾಂತಿ, ಪುನಶ್ಚೇತನ. ಐಆರ್‌ಡಿಎಐ ಎಲ್ಲ ಕಂಪನಿಗೂ ಕೊಟ್ಟ ಒಕ್ಕಣೆ ಅದು. ತಲೆಬರಹ ನೋಡಿ ಹೆದರಬೇಡಿ, ಒಳಗೆ ಓದಿ ಸ್ವಾಮಿ. ಹೊರಗಿಟ್ಟಿರೋದು ಚಿಕಿತ್ಸೆಯಿಲ್ಲದ ಬರೀ ಹಾಸಿಗೆ ವಿಶ್ರಾಂತಿಯನ್ನು, ಸ್ನಾನ-ಊಟಕ್ಕೆ ನೆರವಾಗೋ ಆರೈಕೆಯನ್ನು. ಸ್ಪೀಚ್ ಥೆರಪಿ, ಫಿಸಿಯೋಥೆರಪಿ ಚಿಕಿತ್ಸೆಯೇ ಅಲ್ವಾ? ಹಾಗಂತ ಡಿಸ್ಚಾರ್ಜ್ ಸಮ್ಮರಿಯಲ್ಲೇ ಡಾಕ್ಟರ್ ಕೈಲಿ ಬರೆಸಿಕೊಳ್ಳಿ. ಕ್ಲೇಮ್ ತಿರಸ್ಕಾರವಾದರೆ ವಾದಕ್ಕೆ ಅದೇ ಆಧಾರ. ಆದ್ರೂ ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ ಡಿಸ್ಚಾರ್ಜ್ ನಂತರದ ಖರ್ಚಿಗೆ 60 ದಿನವಷ್ಟೇ. ಬೇರೆಯವರ ವಾಹನ ಗುದ್ದಿದ್ದರೆ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ನೋಡಿಕೊಳ್ಳೋರ ಖರ್ಚನ್ನೂ ಕೇಳಿ. 2020ರಲ್ಲಿ ತಲೆಗೆ ಪೆಟ್ಟಾದ ಬಾಲಕಿಯೊಬ್ಬಳಿಗೆ ಸುಪ್ರೀಂ ಕೋರ್ಟ್ ಅದನ್ನು ಕೊಡಿಸಿದೆ.