ಎರಡು ಕಿಲೋಮೀಟರ್‌ಗೆ ನಿಲ್ಲುವ ಬೈಕು

ಪ್ರಶ್ನೆ: ನನ್ನದು ಹಳೇ ಕಾರ್ಬುರೇಟರ್ ಬೈಕು. ಸಂಡೂರು ಸೀಮೆಯ ವಡ್ಡುವಿನಿಂದ ಮಣ್ಣಿನ ದಾರಿ ಹಿಡಿದರೆ ಎರಡು ಕಿಲೋಮೀಟರ್‌ಗೆ ಆಫ್ ಆಗುತ್ತದೆ. ಐದು ನಿಮಿಷ ಬಿಟ್ಟು ಕಿಕ್ ಹೊಡೆದರೆ ಮತ್ತೆ ಸ್ಟಾರ್ಟ್! ಏಕೆ?

ಉತ್ತರ: ಆ 'ಐದು ನಿಮಿಷ'ದಲ್ಲೇ ಸುಳಿವಿದೆ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಗೊಂದು ಸಣ್ಣ ತೂತಿರುತ್ತದೆ. ಪೆಟ್ರೋಲ್ ಇಳಿದಷ್ಟೂ ಗಾಳಿ ಒಳಗೆ ಬರಬೇಕು. ಸಂಡೂರು ಸೀಮೆಯ ಅದಿರಿನ ಕೆಂಧೂಳು ಗೊತ್ತಲ್ಲ, ಒಗೆದ ಬಿಳಿ ಪಂಚೆಯನ್ನೂ ಬಿಡುವುದಿಲ್ಲ, ತೂತನ್ನು ಬಿಟ್ಟೀತೇ? ಅದು ಕಟ್ಟಿಕೊಂಡರೆ ಪೆಟ್ರೋಲ್ ಇಳಿಯದು. ನಿಂತಾಗ ಗಾಳಿ ನಿಧಾನ ನುಸುಳಿ ಗಾಡಿ ಮತ್ತೆ ಜೀವ ಹಿಡಿಯುತ್ತದೆ.

ಮುಂದಿನ ಸಲ ಆಫ್ ಆದ ಕೂಡಲೇ ಮುಚ್ಚಳ ತೆರೆಯಿರಿ. 'ಸುಸ್' ಎಂದು ಗಾಳಿ ಒಳನುಗ್ಗಿ, ಗಾಡಿ ತಕ್ಷಣ ಸ್ಟಾರ್ಟ್ ಆದರೆ ಕಳ್ಳ ಸಿಕ್ಕ. ಮುಚ್ಚಳ ತೊಳೆದು ಗಾಳಿ ಊದಿಸಿದರೆ ಸಾಕು.

ಆಗಲಿಲ್ಲವೇ? ಎಂಜಿನ್ ತಣ್ಣಗಾದ ಮೇಲೆ ಕಾರ್ಬುರೇಟರ್ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ, ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿಯಿರಿ. (ಬೀಡಿ ಸೇದುವ ಗೆಳೆಯನನ್ನು ದೂರ ಕಳಿಸಿ.) ನೀರು ಬೆರೆತಿದ್ದರೆ ಗೊತ್ತಾಗುತ್ತದೆ: ನೀರು ಭಾರ, ತಳದಲ್ಲಿ ಗುಂಡಗೆ ಉರುಳಾಡುತ್ತದೆ. ಈಗಿನ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಅದು ತೇವ ಹೀರುತ್ತದೆ, ಮಿತಿ ಮೀರಿದರೆ ನೀರಿನೊಂದಿಗೇ ತಳಕ್ಕಿಳಿಯುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಗೆ ಇದೇ ಕಾಟ.

ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಆಫ್ ಆಗುತ್ತಿದ್ದರೆ ಕಾರ್ಬುರೇಟರ್‌ನ ಪೈಲಟ್ ಜೆಟ್ (ಆಗ ಪೆಟ್ರೋಲ್ ಬಿಡುವ ಸಣ್ಣ ತೂತಿನ ಭಾಗ) ನೋಡಿಸಿ. ಅದಕ್ಕೆ ಪಿನ್ನು ಚುಚ್ಚಬೇಡಿ, ತೂತು ಹಿಗ್ಗಿದರೆ ಹೊಸದೇ ಹಾಕಬೇಕು.