ಮಗ್ಗದ ಕಾರ್ಡಿನಿಂದ ಗಣಕದ ಆಜ್ಞೆಗೆ

ಯಂತ್ರಕ್ಕೆ ಊಹಿಸುವ ಶಕ್ತಿಯಿಲ್ಲ. ಅದಕ್ಕೊಂದು ಕೆಲಸವನ್ನು ಒಪ್ಪಿಸಬೇಕಾದರೆ, ಆ ಕೆಲಸವನ್ನು ‘ಹೌದು’, ‘ಅಲ್ಲ’ ಎಂಬ ಎರಡೇ ಮಾತುಗಳಿಗೆ ಇಳಿಸಬೇಕಾಗುತ್ತದೆ. ಸಣ್ಣ ಮಾಹಿತಿ ತಂತ್ರಜ್ಞಾನ ಸಂಸ್ಥೆಯೊಂದರಲ್ಲಿ ನಡೆಯುವ ಉದ್ಯೋಗದ ತಿರುಳು ಇದೇ. ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನೇಕಾರರ ಊರಾದ ಬನಹಟ್ಟಿಯಲ್ಲಿ ಜಕಾರ್ಡ್ ಕೂಡಿಸಿದ ಮಗ್ಗವೊಂದರ ಮುಂದೆ ನಿಂತರೆ ಸಾಕು.

ಬಟ್ಟೆಯ ಉದ್ದಕ್ಕೆ ಹಾಯುವ ಎಳೆಗಳಿಗೆ ಹಾಸು ಎಂದು ಹೆಸರು; ಲಾಳಿಯು ಅಡ್ಡಲಾಗಿ ಒಯ್ಯುವ ಎಳೆಯೇ ಹೊಕ್ಕು. ಹೊಕ್ಕು ಹಾಯುವಾಗ ಹಾಸಿನ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂಬುದರಿಂದಲೇ ಸೆರಗಿನ ಚಿತ್ತಾರ ಮೂಡುತ್ತದೆ. ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮರೀ ಜಕಾರ್ಡ್ ಎಂಬಾತನು 1804ರ ಸುಮಾರಿಗೆ ಈ ನಿರ್ಣಯವನ್ನು ರಟ್ಟಿನ ಕಾರ್ಡುಗಳಿಗೆ ವಹಿಸಿಕೊಟ್ಟನು. ಕಾರ್ಡು ಸೂಜಿಗಳ ಸಾಲನ್ನು ಒತ್ತುತ್ತದೆ. ತೂತಿದ್ದ ಕಡೆ ಸೂಜಿ ಅದರೊಳಗೆ ಹಾಯುತ್ತದೆ. ಅದಕ್ಕೆ ಸೇರಿದ ಕೊಕ್ಕೆಯು ಮೇಲೇರುವ ಪಟ್ಟಿಗೆ ಸಿಕ್ಕಿ ಎಳೆಯನ್ನು ಎತ್ತುತ್ತದೆ. ತೂತಿಲ್ಲದ ಕಡೆ ಸೂಜಿ ಹಿಂದೆ ಸರಿದು ಕೊಕ್ಕೆಯನ್ನು ತಪ್ಪಿಸುತ್ತದೆ. ಎಳೆ ಕೆಳಗೇ ಉಳಿಯುತ್ತದೆ. ಒಂದು ಹೊಕ್ಕಿಗೆ ಒಂದು ಕಾರ್ಡು.

ಕೇವಲ ಎರಡು ಮಾತುಗಳಿಂದ ಇಷ್ಟೆಲ್ಲ ಹೇಳಲು ಸಾಧ್ಯವೇ? ಲೆಕ್ಕ ಹಾಕಿ ನೋಡೋಣ. ಒಂದು ಸ್ಥಾನದಲ್ಲಿ ಎರಡು ಬಗೆ, ಎರಡು ಸ್ಥಾನಗಳಲ್ಲಿ ನಾಲ್ಕು, ಎಂಟರಲ್ಲಿ 256. ‘ಕ’ ಅಕ್ಷರಕ್ಕೆ ಯುನಿಕೋಡ್ ಪದ್ಧತಿಯಲ್ಲಿ ಗೊತ್ತುಮಾಡಿರುವ ಸಂಖ್ಯೆ 3221. ತೂತಿಗೆ 1, ತೂತಿಲ್ಲದುದಕ್ಕೆ 0 ಎಂದು ಬರೆದರೆ ಅದೇ 110010010101 ಆಗುತ್ತದೆ. ಹನ್ನೆರಡು ಸ್ಥಾನಗಳಲ್ಲಿ ಒಂದು ಅಕ್ಷರ ಅಡಗಿತು!

ಈ ತತ್ತ್ವದ ಬಲವನ್ನು ಇತರರೂ ಕಂಡುಕೊಂಡರು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು 1837ರ ಹೊತ್ತಿಗೆ ರೂಪಿಸಿದ ಗಣನಯಂತ್ರದ ಯೋಜನೆಯಲ್ಲಿ ಇಂತಹ ಕಾರ್ಡುಗಳಿಗೇ ಸ್ಥಾನ ಕೊಟ್ಟನು. ಆ ಯಂತ್ರ ಪೂರ್ತಿಯಾಗಲಿಲ್ಲ. ಅಮೆರಿಕದ 1890ರ ಜನಗಣತಿಯನ್ನು ಹರ್ಮನ್ ಹಾಲರಿತ್‌ನು ತೂತಿನ ಕಾರ್ಡುಗಳಿಂದಲೇ ಎಣಿಸಿದನು. ಇಂದಿನ ವಿದ್ಯುನ್ಮಾನ ಜಕಾರ್ಡಿನಲ್ಲಿ ಕಾರ್ಡೇ ಇಲ್ಲ. ಗಣಕದ ಸಂಜ್ಞೆಯು ಕೊಕ್ಕೆಗಳನ್ನು ಆಳುತ್ತದೆ.

ಈಗ ಸಂಸ್ಥೆಯ ಕೆಲಸಕ್ಕೆ ಬರೋಣ. ಮಜೂರಿಯ ನೇಕಾರನು ಸಾಹುಕಾರನ ನೂಲನ್ನು ತಂದು, ಅವನು ಬಯಸಿದ ಬಟ್ಟೆಯನ್ನು ನೇಯ್ದು ಕೊಡುತ್ತಾನೆ. ಸೇವಾಸಂಸ್ಥೆಯೂ ಹಾಗೆಯೇ ಬೇರೊಬ್ಬರ ಅಗತ್ಯಕ್ಕೆ ತಕ್ಕ ತಂತ್ರಾಂಶವನ್ನು ರಚಿಸಿ ಕೊಡುತ್ತದೆ. ಸಾಹುಕಾರರೊಬ್ಬರು ಮಜೂರಿಯ ಲೆಕ್ಕಕ್ಕೆ ತಂತ್ರಾಂಶ ಬೇಕೆಂದರೆನ್ನಿ. ಕೊಟ್ಟ ನೂಲು 10 ಕಿಲೋ, ಬಂದ ಬಟ್ಟೆ 9 ಕಿಲೋ. ಕೊರತೆ ಒಂದು ಕಿಲೋ ಎಂದು ಯಂತ್ರ ಹೇಳುತ್ತದೆ. ಆದರೆ ನೇಕಾರನು 600 ಗ್ರಾಂ ನೂಲನ್ನು ಹಾಗೆಯೇ ಹಿಂದಿರುಗಿಸಿದ್ದರೆ? ಹಾಳಾದುದು 400 ಗ್ರಾಂ ಮಾತ್ರ. ‘ಉಳಿದ ನೂಲು ಹಿಂದಕ್ಕೆ ಬರುವುದುಂಟೇ?’ ಎಂಬ ಒಂದು ಪ್ರಶ್ನೆಯನ್ನು ಮೊದಲೇ ಕೇಳದಿದ್ದರೆ, ತಪ್ಪು ಮಾಡದವನ ಕೂಲಿಗೆ ಕತ್ತರಿ ಬೀಳುತ್ತದೆ. ಕಾರ್ಡಿನ ಒಂದು ತಪ್ಪು ತೂತು ಚಿತ್ತಾರ ಮರಳಿದಾಗಲೆಲ್ಲ ಮರಳುವಂತೆ, ಈ ತಪ್ಪೂ ಪ್ರತಿಯೊಬ್ಬ ನೇಕಾರನ ಲೆಕ್ಕದಲ್ಲಿ, ಪ್ರತಿ ವಾರವೂ ಮರುಕಳಿಸುತ್ತದೆ. ಆದುದರಿಂದಲೇ ತಂತ್ರಾಂಶವನ್ನು ಒಪ್ಪಿಸುವ ಮುನ್ನ ಕಲ್ಪಿತ ಲೆಕ್ಕಗಳನ್ನು ಕೊಟ್ಟು ಪರೀಕ್ಷಿಸುವುದು ಅವಶ್ಯ.

ದೊಡ್ಡ ಸಂಸ್ಥೆಯಲ್ಲಿ ಕೇಳುವವರು, ಬರೆಯುವವರು, ಪರೀಕ್ಷಿಸುವವರು ಬೇರೆ ಬೇರೆ. ಸಣ್ಣದರಲ್ಲಿ ಬಹುಮಟ್ಟಿಗೆ ಇವೆಲ್ಲವೂ ಒಬ್ಬನದೇ ಹೊಣೆ. ದುಡಿಮೆ ಹೆಚ್ಚು, ಕಲಿಕೆಯೂ ಹೆಚ್ಚು. ಇನ್ಫೋಸಿಸ್ ಸಂಸ್ಥೆಯೂ 1981ರಲ್ಲಿ ಪುಣೆಯಲ್ಲಿ ಏಳೇ ಮಂದಿಯಿಂದ ಆರಂಭವಾಗಿ, 1983ರಲ್ಲಿ ಬೆಂಗಳೂರಿಗೆ ಬಂದಿತು.

ಗಣಕದ ಭಾಷೆಗಳನ್ನು ಕೆಲವು ತಿಂಗಳುಗಳಲ್ಲಿ ಕಲಿಯಬಹುದು. ಆದರೆ ಕೆಲಸವನ್ನು ಎಳೆಎಳೆಯಾಗಿ ಬಿಡಿಸಿ ನೋಡುವ, ಸಂದೇಹವಿದ್ದಲ್ಲಿ ಕೇಳುವ ಅಭ್ಯಾಸವು ನಿಧಾನವಾಗಿ ಬೆಳೆಯತಕ್ಕದ್ದು. ಮನೆಯಲ್ಲಿ ಮಗ್ಗವಿರುವ ವಿದ್ಯಾರ್ಥಿಯು ಒಂದು ಕಾರ್ಡನ್ನು ಬೆಳಕಿಗೆ ಹಿಡಿದು, ಅದರ ಒಂದು ಸಾಲನ್ನು 1, 0 ಎಂದು ಬರೆದುಕೊಂಡು, ಬಟ್ಟೆಯೊಡನೆ ಹೋಲಿಸಿ ನೋಡಲಿ. ಅವನ ಮೊದಲ ಪಾಠ ಅಲ್ಲಿಯೇ ಆರಂಭವಾಗುತ್ತದೆ.