ಎಂಟು ತಿಂಗಳ ಅವಳಿಗಳು

ಎರಡು ಕೂಡಿಕೊಂಡ ಬಾಳೆಹಣ್ಣನ್ನು ತಿಂದರೆ ಅವಳಿ ಮಕ್ಕಳಾಗುತ್ತವೆಂದು ನಮ್ಮ ಆಲೂರು ಸೀಮೆಯ ಹೆಂಗಸರು ಅದನ್ನು ಮುಟ್ಟುವುದಿಲ್ಲ. ಈ ನಂಬಿಕೆಯಿಂದ ಕೇಡೇನೂ ಇಲ್ಲ. ಹಣ್ಣು ನನ್ನಂಥವರ ಪಾಲಾಗುತ್ತದೆ. ಆದರೆ "ಏಳರಲ್ಲಿ ಹುಟ್ಟಿದ್ದು ಉಳಿದೀತು, ಎಂಟರಲ್ಲಿ ಹುಟ್ಟಿದ್ದು ಉಳಿಯದು" ಎಂಬ ಮಾತು ಹಾಗಲ್ಲ. ಕಳೆದ ಆಷಾಢದ ಮಳೆಯಲ್ಲಿ ನಮ್ಮಕ್ಕನಿಗೆ 34ನೆಯ ವಾರದಲ್ಲಿಯೇ ಅವಳಿ ಗಂಡುಮಕ್ಕಳಾದಾಗ, ಅಜ್ಜಿ ಅಟ್ಟದ ಮೇಲಿನ ತೊಟ್ಟಿಲನ್ನು ಇಳಿಸಲು ಬಿಡಲಿಲ್ಲ. ಮನೆಯಲ್ಲಿ ಕಾಲೇಜಿನ ಮುಖ ಕಂಡವನು ನಾನೊಬ್ಬನೇ ಆದ್ದರಿಂದ, "ಇದು ನಿಜವೇನೋ?" ಎಂದು ಅವ್ವ ನನ್ನನ್ನೇ ಕೇಳಿದಳು. ಚರಿತ್ರೆ ಓದುವವನು ಏನು ಹೇಳಿಯೇನು? ಆಮೇಲೆ ಓದಿ, ಕೇಳಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಈ ಮಾತು ನಮ್ಮೂರಿನದೇ ಅಲ್ಲ. ಗ್ರೀಕ್ ವೈದ್ಯ ಹಿಪ್ಪೊಕ್ರೇಟಸನ ಹೆಸರಿನಲ್ಲಿ ಬಂದಿರುವ ಪ್ರಾಚೀನ ಗ್ರಂಥಗಳಲ್ಲಿಯೂ ಇದೆ. ಹಳೆಯದೆಂಬ ಮಾತ್ರಕ್ಕೆ ಸತ್ಯವಾಗದು. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಕೂಸಿಗೆ ಗಳಿಕೆಯೇ. ಶ್ವಾಸಕೋಶದ ಗಾಳಿಗೂಡುಗಳು ಅಂಟಿಕೊಳ್ಳದಂತೆ ಕಾಯುವ ಜಿಡ್ಡುದ್ರವ ಕೂಡುವುದು, ಚೀಪುವುದು ನುಂಗುವುದು ಒಂದಕ್ಕೊಂದು ಹೊಂದುವುದು, ಚರ್ಮದಡಿ ಕೊಬ್ಬು ತುಂಬುವುದು, ಎಲ್ಲವೂ ಈ ಕಡೆಯ ವಾರಗಳಲ್ಲಿಯೇ. ಆದ್ದರಿಂದ ಎಂಟರ ಕೂಸು ಏಳರ ಕೂಸಿಗಿಂತ ಗಟ್ಟಿ.

ಹಾಗಾದರೆ ಅವಳಿಗಳೂ ಒಂಟಿ ಕೂಸಿನಂತೆ 40 ವಾರ ಒಳಗಿರಲಿ ಎನ್ನಬಹುದೆ? ಅದೂ ಕೂಡದು. 2016ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದು 32 ಅಧ್ಯಯನಗಳ 35,000ಕ್ಕೂ ಹೆಚ್ಚು ಅವಳಿ ಬಸಿರುಗಳ ಲೆಕ್ಕವನ್ನು ಒಟ್ಟುಗೂಡಿಸಿ ಪ್ರಕಟಿಸಿತು. ಬೇರೆ ಬೇರೆ ಮಾಸುಗಳಿರುವ ಅವಳಿಗಳು 37ನೆಯ ವಾರ ದಾಟಿ ಒಳಗೇ ಉಳಿದರೆ, ಹೊಟ್ಟೆಯಲ್ಲಿಯೇ ಸಾಯುವ ಅಪಾಯ ಬೇಗ ಹುಟ್ಟಿದ ಅಪಾಯವನ್ನು ಮೀರುತ್ತದೆ. ಒಂದೇ ಮಾಸನ್ನು ಹಂಚಿಕೊಂಡವುಗಳಲ್ಲಿ ಒಂದಕ್ಕೆ ರಕ್ತ ಹೆಚ್ಚಿ ಇನ್ನೊಂದಕ್ಕೆ ಕಡಮೆಯಾಗುವ ಭಯವಿರುವುದರಿಂದ, ತೊಡಕಿಲ್ಲದಿದ್ದರೂ 36ನೆಯ ವಾರದಲ್ಲಿಯೇ ಹೆರಿಗೆ ಮಾಡಿಸುವ ವಾಡಿಕೆಯುಂಟು. ಮಾಸು ಒಂದೋ ಎರಡೋ ಎಂಬುದು ಮೂರನೆಯ ತಿಂಗಳಿನ ಸ್ಕ್ಯಾನಿಂಗಿನಲ್ಲಿ ಚೆನ್ನಾಗಿ ತಿಳಿಯುತ್ತದೆ. ಅಕ್ಕ ಐದು ತುಂಬಿದ ಮೇಲೆ ಹೋದಳು. ಕಾಫಿ ಕುಯ್ಲು ಮುಗಿಯಲೆಂದು ಕಾದದ್ದು; ತಪ್ಪು ನಮ್ಮೆಲ್ಲರದು.

ಆದರೆ ಅರ್ಧಕ್ಕಿಂತ ಹೆಚ್ಚು ಅವಳಿಗಳು ಯಾರ ಲೆಕ್ಕಕ್ಕೂ ಕಾಯದೆ 37ಕ್ಕೆ ಮುಂಚೆಯೇ ಹುಟ್ಟುತ್ತವೆ. 34 ವಾರ ತುಂಬುವ ಮೊದಲೇ ನೋವು ಕಾಣಿಸಿಕೊಂಡರೆ, ಕೂಸಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಚುಚ್ಚುಮದ್ದು ಕೊಡುತ್ತಾರೆ. ಅದು ಹೆರಿಗೆಗೆ ಮೊದಲೇ ಸಿಕ್ಕಬೇಕು. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರು. ತೋಟದ ಲೈನುಮನೆಯಿಂದ ಟಾರುರಸ್ತೆಗೆ ಬರುವುದೇ ಮಳೆಗಾಲದಲ್ಲಿ ಒಂದು ಪ್ರಯಾಣ. ಮರ ಬಿದ್ದರೆ 108 ವಾಹನವೂ ನಿಂತೀತು. ಅವಳಿ ಬಸುರಿಯನ್ನು ಏಳು ತುಂಬುತ್ತಲೇ ದೊಡ್ಡಾಸ್ಪತ್ರೆಗೆ ಹತ್ತಿರವಿರುವ ನೆಂಟರ ಮನೆಯಲ್ಲಿ ಇರಿಸುವುದು ಲೇಸು.

ನಮ್ಮ ಮಲೆಸೀಮೆಯ ತಂಡಿಯಲ್ಲಿ ಸಣ್ಣ ಕೂಸಿನ ಮೈ ಬೇಗ ತಣ್ಣಗಾಗುತ್ತದೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದ ವೈದ್ಯರು ಕೂಸನ್ನು ತಾಯಿಯ ಬರಿಯ ಎದೆಗೆ ಕಟ್ಟಿ ಕಾವು ಕೊಡುವ ಕ್ರಮವನ್ನು ಆರಂಭಿಸಿದರು. ಕೂಸುಗಳು ಎರಡಾದರೆ ಎದೆಗಳೂ ಎರಡು ಬೇಕಷ್ಟೆ. ಒಂದನ್ನು ಅಕ್ಕ ಕಟ್ಟಿಕೊಂಡರೆ ಇನ್ನೊಂದನ್ನು ಭಾವ ಅಂಗಿ ಬಿಚ್ಚಿ ಕಟ್ಟಿಕೊಂಡರು. ಅಜ್ಜಿ ಮೊದಲು ನಕ್ಕಳು. ಹುಟ್ಟಿದಾಗ 1.7 ಕಿಲೋ ಇದ್ದ ಚಿಕ್ಕವನು, ಆಶಾ ಕಾರ್ಯಕರ್ತೆ 42ನೆಯ ದಿನ ಬಂದು ತೂಗಿದಾಗ 2.4 ಕಿಲೋ ಇದ್ದ. ತೊಟ್ಟಿಲನ್ನು ಅಜ್ಜಿಯೇ ಅಟ್ಟದಿಂದ ಇಳಿಸಿಸಿ ತೊಳೆಸಿದಳು. ಇನ್ನೊಂದನ್ನು ಪಕ್ಕದ ಮನೆಯಿಂದ ಕೇಳಿ ತಂದೆವು.